ಚಿಕ್ಕ ಅಳಿಯನ ಧ್ವನಿಪರೀಕ್ಷೆ

ಧಾರಾವಾಹಿಯ ನಾಯಕಿಯರು ಅತ್ತಾಗಲೆಲ್ಲ ಕಣ್ಣೀರು ಅವರದು, ಬಿಕ್ಕು ಇವಳದು. ಅದಕ್ಕೇ ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು ಅಳುವಕ್ಕ. ಮನೆಯಲ್ಲಿ ಮಾತ್ರ ಅವಳು ಅತ್ತದ್ದನ್ನು ಕಂಡವರಿಲ್ಲ. ಈರುಳ್ಳಿ ಹೆಚ್ಚುವಾಗಲೂ ಕಣ್ಣು ಒಣಗಿಯೇ ಇರುತ್ತಿತ್ತು. ಕೇಳಿದರೆ, "ಕೆಲಸದ ಸಾಮಾನು ಮನೇಲಿ ಖರ್ಚು ಮಾಡಬಾರದು" ಎನ್ನುತ್ತಿದ್ದಳು.

ಎದುರು ಮೈಕಿನಲ್ಲಿ ನಿಲ್ಲುತ್ತಿದ್ದವನು ಗುಡುಗಣ್ಣ. ಖಳನಾಯಕರಿಗೆಲ್ಲ ಅವನದೇ ದನಿ. ಸ್ಟುಡಿಯೋ ಇದ್ದದ್ದು ಒಂದು ಪೀಠೋಪಕರಣದ ಅಂಗಡಿಯ ಕೆಳಗೆ, ನೆಲಮಾಳಿಗೆಯಲ್ಲಿ. ಗುಡುಗಣ್ಣ ನಕ್ಕರೆ ಮೇಲಿನ ಅಂಗಡಿಯ ಗಾಜಿನ ಮೇಜುಗಳು ಕಟಕಟ ಎನ್ನುತ್ತಿದ್ದವು. ಆಸಾಮಿ ಮಾತ್ರ ಬೆಕ್ಕು ಕಂಡರೆ ಕುರ್ಚಿ ಹತ್ತುವವನು. ಹೆಂಡತಿ ಫೋನಿನಲ್ಲಿ "ಎಲ್ರೀ?" ಎಂದರೆ ಕೂತಲ್ಲಿಂದ ಎದ್ದು ನಿಂತು ಉತ್ತರ ಕೊಡುವವನು.

ಇಂಥ ಇಬ್ಬರಿಗೆ ಹೊಸದೊಂದು ಕೆಲಸ ಬಂತು. ಮನೆಯೊಳಗೆ ಹಿಂಸೆಗೆ ಸಿಕ್ಕ ಹೆಂಗಸರು ಫೋನ್ ಮಾಡುವ ಸಹಾಯವಾಣಿಗೆಂದು ಯಾರೋ ಕೃತಕ ಬುದ್ಧಿಮತ್ತೆಯ ಯಂತ್ರ ತಯಾರಿಸುತ್ತಿದ್ದರು. ಫೋನಿನ ಮಾತು ಕೇಳಿ, ಆ ಮನೆಯಲ್ಲಿ ಅಪಾಯ ಎಷ್ಟಿದೆ ಎಂದು ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿಯಲ್ಲಿ ತೋರಿಸಬೇಕು. ಯಂತ್ರ ಸಹಾಯವಾಣಿಯ ಬೀಗ ಹಾಕಿದ ಕೋಣೆಯಲ್ಲಿ ನಿಜವಾದ ಕರೆಗಳನ್ನು ಕೇಳಿ ಕಲಿತಿತ್ತು. ಆದರೆ ಅದನ್ನು ಪರೀಕ್ಷಿಸಲು ಆ ಹೆಂಗಸರ ದನಿ ಹೊರಗೆ ಹೋಗಕೂಡದು ಎಂದು ಸಹಾಯವಾಣಿಯ ಮೇಡಂ ಪಟ್ಟು ಹಿಡಿದಿದ್ದರು. ಹಾಗಾಗಿ ಜಗಳ ಆಡುವುದಕ್ಕೆ ಕಲಾವಿದರು ಬೇಕಾದರು.

"ಜಗಳ ಆಡೋಕೆ ಸಂಬಳನಾ?" ಎಂದು ಅಳುವಕ್ಕನ ಗಂಡ ಊರಿಗೆಲ್ಲ ಕೇಳುವ ಹಾಗೆ ಕೂಗಿದ. "ಹಂಗಾದ್ರೆ ನಮ್ಮ ಬಸ್ಸಿನ ಪ್ರಯಾಣಿಕರೆಲ್ಲ ಶ್ರೀಮಂತರಾಗ್ಬೇಕಿತ್ತು!"

ಅವನು ಬಸ್ ಡ್ರೈವರ್. ಎಂಜಿನ್ ಪಕ್ಕದಲ್ಲೇ ಆಯುಷ್ಯ ಕಳೆದದ್ದರಿಂದ ಅವನಿಗೆ ಮೆತ್ತಗೆ ಮಾತಾಡಲು ಬರುತ್ತಿರಲಿಲ್ಲ. "ಟೀ ಚೆನ್ನಾಗಿದೆ" ಎಂದರೂ ಕಟ್ಟಡಕ್ಕೆ ಬೆಂಕಿ ಬಿದ್ದಿದೆ ಎಂಬಂತೆ ಕೇಳುತ್ತಿತ್ತು. ಅಳುವಕ್ಕನ ಅಮ್ಮನಿಗೆ ಈ ದೊಡ್ಡ ಅಳಿಯನೆಂದರೆ ಅಷ್ಟಕ್ಕಷ್ಟೇ. ಅವರ ಜೀವವೆಲ್ಲ ಚಿಕ್ಕ ಅಳಿಯನ ಮೇಲೆ. "ಚಿಕ್ಕ ಅಳಿಯಂದಿರನ್ನ ನೋಡು. ಒಂದು ದಿನ ದನಿ ಎತ್ತಿದ್ದು ಕೇಳಿದೀಯಾ? ಅವಳನ್ನ ಒಂದು ಕ್ಷಣ ಬಿಟ್ಟಿರಲ್ಲ. ಪುಣ್ಯವಂತೆ ನಿನ್ನ ತಂಗಿ" ಎನ್ನುತ್ತಿದ್ದರು. ಅಳುವಕ್ಕನೂ ಹೌದೆಂದೇ ನಂಬಿದ್ದಳು.

ಮೊದಲ ದಿನ ಗುಡುಗಣ್ಣ ಎದೆಯುಬ್ಬಿಸಿ ಮೈಕಿನ ಮುಂದೆ ನಿಂತ. "ನಿನ್ನನ್ನ ಚಿಂದಿ ಚಿಂದಿ ಮಾಡಿ ಹದ್ದುಗಳಿಗೆ ಹಾಕ್ತೀನಿ!" ಎಂದು ಆರ್ಭಟಿಸಿದ. ಅಳುವಕ್ಕ ಕಲ್ಲು ಕರಗುವಂತೆ ಅತ್ತಳು. ಮೇಲಿನ ಅಂಗಡಿಯವನು ಓಡಿಬಂದು ಇಣುಕಿದ. ಗಾಜಿನ ಆಚೆ ಕೂತಿದ್ದ ಯಂತ್ರದ ಎಂಜಿನಿಯರ್ ಪರದೆ ನೋಡಿ ತಲೆ ಕೆರೆದುಕೊಂಡ.

"ಹಸಿರು" ಎಂದ.

"ಏನು ಹಸಿರು?"

"ಅಪಾಯ ಇಲ್ಲ ಅಂತಿದೆ ಸಾರ್. ಶಾಂತಿಯುತ ಮನೆ ಅಂತೆ."

ಗುಡುಗಣ್ಣನಿಗೆ ಇಂಥ ಅವಮಾನ ಹಿಂದೆಂದೂ ಆಗಿರಲಿಲ್ಲ. ಅವನು ಇನ್ನೂ ಜೋರಾಗಿ ಕೂಗಿದ, ಹಲ್ಲು ಕಡಿದ, ತನ್ನ ಹೆಸರಾಂತ ನಗೆ ನಕ್ಕ. ಯಂತ್ರ ಹಸಿರಾಗಿಯೇ ಕೂತಿತ್ತು. ಅಷ್ಟರಲ್ಲಿ ಅಳುವಕ್ಕನ ಗಂಡ ಅವಳು ಮರೆತುಬಂದ ಊಟದ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬಂದವನೇ, "ಡಬ್ಬಿ ಬಿಟ್ಟು ಬಂದಿದೀಯಲ್ಲೇ! ಹಸಿವಲ್ಲಿ ಸಾಯ್ತೀಯಾ?" ಎಂದು ಗರ್ಜಿಸಿದ. ಪಟ್ಟಿ ಹಳದಿಗೆ ಜಿಗಿಯಿತು.

"ಇವರಿಗೆ ಹಳದಿ, ನನಗೆ ಹಸಿರಾ!" ಎಂದು ಗುಡುಗಣ್ಣ ಕುಸಿದು ಕೂತ.

ಮರುದಿನ ಸಹಾಯವಾಣಿಯ ಮೇಡಂ ಬಂದರು. ತಲೆ ನರೆತ, ಸಣ್ಣಗಾತ್ರದ ಹೆಂಗಸು. ಕೈಯಲ್ಲಿ ಯಾವಾಗಲೂ ಒಂದು ಲೋಟ ಟೀ. ಗುಡುಗಣ್ಣನ ಆರ್ಭಟವನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಚೆನ್ನಾಗಿದೆ. ಆದ್ರೆ ಹದ್ದುಗಳಿಗೆ ಹಾಕ್ತೀನಿ ಅನ್ನೋ ಗಂಡನ್ನ ನಾನು ಇವತ್ತಿನವರೆಗೂ ಕೇಳಿಲ್ಲ. ಕೂಗೋರಲ್ಲೂ ಹೊಡೆಯೋರಿದಾರೆ, ಇಲ್ಲ ಅಂತಲ್ಲ. ಆದ್ರೆ ಕೂಗಾಟ ಒಂದೇ ಗುರುತಲ್ಲ. ನೀವು ಸುಮ್ನೆ ಕೇಳಿ. ಎಲ್ಲಿಗೆ ಹೋಗಿದ್ದೆ ಅಂತ ಕೇಳಿ. ಉತ್ತರ ಬಂದ ಮೇಲೂ ಅದನ್ನೇ ಇನ್ನೊಂದು ಸಲ ಕೇಳಿ. ಮೆಲ್ಲಗೆ. ಚಿನ್ನ ಅಂತ ಕರೀರಿ."

ಗುಡುಗಣ್ಣನಿಗೆ ಮೆಲ್ಲಗೆ ಮಾತಾಡಲು ಕಲಿಯುವುದೇ ಒಂದು ಸಾಹಸವಾಯಿತು. ಮೊದಮೊದಲು ಗಂಟಲು ಕೆಟ್ಟವನಂತೆ ಕೇಳಿಸಿದ. ಆಮೇಲೆ ದೇವರ ಪಾತ್ರದವನಂತೆ ಕೇಳಿಸಿದ. ಕೊನೆಗೊಮ್ಮೆ ಹದಕ್ಕೆ ಬಂದು, "ಬಾಗಿಲು ತೆಗೆಯೋಕೆ ಇಷ್ಟು ಹೊತ್ತಾಯ್ತಲ್ಲ ಚಿನ್ನ. ಯಾರಿದ್ರು?" ಎಂದಾಗ ಅಳುವಕ್ಕನ ತೋಳಿನ ಕೂದಲು ನೆಟ್ಟಗಾಯಿತು. ಅಳಬೇಕಾದ ಜಾಗದಲ್ಲಿ ಅಳು ಮರೆತು ನಿಂತಳು. ಪಟ್ಟಿ ಕೆಂಪಾಯಿತು. ಗುಡುಗಣ್ಣ ತನ್ನ ಸಾಧನೆಗೆ ತಾನೇ ಹೆದರಿ ಹೊರಗೆ ಹೋಗಿ ನೀರು ಕುಡಿದು ಬಂದ.

ಎಂಜಿನಿಯರ್ ಹಿಗ್ಗಿ ಮೈಕಿನ ಕೋಣೆಯೊಳಗೆ ಓಡಿಬಂದ. ಆದರೆ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಅವನ ಫೋನ್ ರಿಂಗಣಿಸಿತು. "ಎಲ್ಲಿದೀಯಾ? ಯಾರ ಜೊತೆ ಇದೀಯಾ? ನಿಜ ಹೇಳು. ಅವರ ಫೋಟೋ ತೆಗೆದು ಕಳಿಸು" ಎಂದು ಅವನ ತಾಯಿ. ಮೈಕ್ ತೆರೆದೇ ಇತ್ತು. ಪಟ್ಟಿ ಕೆಂಪಿನ ತುದಿ ಮುಟ್ಟಿತು.

"ನೋಡಪ್ಪಾ," ಎಂದರು ಮೇಡಂ, ಟೀ ಹೀರುತ್ತ, "ನಿಮ್ಮ ಯಂತ್ರಕ್ಕೂ ಇನ್ನೂ ಬುದ್ಧಿ ಬರಬೇಕು. ನಿಮ್ಮಮ್ಮನ ವಿಷಯ ಆಮೇಲೆ ಮಾತಾಡೋಣ."

ಹೀಗೆ ನಗುನಗುತ್ತ ಕೆಲಸ ಸಾಗುತ್ತಿದ್ದಾಗ ಒಂದು ಮಧ್ಯಾಹ್ನ ಬಿಡುವಿನಲ್ಲಿ ಅಳುವಕ್ಕನಿಗೆ ತಂಗಿಯ ಫೋನ್ ಬಂತು. ಒಂದು ಕೈಯಲ್ಲಿ ಟೀ, ಇನ್ನೊಂದರಲ್ಲಿ ಬಿಸ್ಕತ್ತು. ಫೋನನ್ನು ಮೈಕಿನ ಪಕ್ಕದ ಮೇಜಿನ ಮೇಲಿಟ್ಟು ಮೊಣಕೈಯಿಂದ ಸ್ಪೀಕರ್ ಒತ್ತಿದಳು.

"ಅಕ್ಕಾ, ಭಾನುವಾರ ಬರೋಕಾಗಲ್ಲ."

"ಅಯ್ಯೋ, ಯಾಕೇ?"

ಆಚೆಯಿಂದ ಚಿಕ್ಕ ಅಳಿಯನ ದನಿ, ಕೆನೆ ಹಾಲಿನಂಥದು: "ಹೇಳು ಚಿನ್ನ. ಅಕ್ಕ ಕೇಳ್ತಿದಾರೆ."

"ತಲೆನೋವು."

"ಅಷ್ಟೇನಾ? ಇನ್ನೂ ಏನೋ ಹೇಳ್ಬೇಕಿತ್ತಲ್ಲ?"

"ನಾನೇ... ನಾನೇ ಬೇಡ ಅಂದೆ."

"ಕೇಳಿದ್ರಾ ಅಕ್ಕಾ? ನಾನು ಹೋಗೋಣ ಅಂದೆ. ಅವಳಿಗೇ ಮನಸ್ಸಿಲ್ಲ. ಎಲ್ಲ ಮರೀತಾಳೆ ಪಾಪ, ಅದಕ್ಕೆ ಫೋನೂ ನಾನೇ ಇಟ್ಕೊಂಡಿರ್ತೀನಿ. ಹೋದ ಸಲ ಮರೆತಾಗ ಏನಾಯ್ತು ಚಿನ್ನ?"

"ನೆನಪಿದೆ."

"ಜಾಣೆ."

ಫೋನ್ ಕಟ್ಟಾಯಿತು. ಮೈಕಿದ್ದ ಗಾಜಿನ ಕೋಣೆಯ ಬಾಗಿಲು ದಡಕ್ಕನೆ ತೆರೆಯಿತು. ಎಂಜಿನಿಯರ್ ಚಪ್ಪಾಳೆ ತಟ್ಟುತ್ತ ಒಳಗೆ ನುಗ್ಗಿಬಂದ.

"ಅದ್ಭುತ! ಪಟ್ಟಿ ಪೂರ್ತಿ ಕೆಂಪು! ಯಾರ್ರೀ ಈ ಕಲಾವಿದರು? ಎಲ್ಲಿ ಅಡಗಿಸಿಟ್ಟಿದ್ರಿ? ನಾಳೆನೇ ಕರೆಸಿ!"

ಗುಡುಗಣ್ಣ ಮೂಲೆಯಲ್ಲಿ ಬಿಳಿಚಿಕೊಂಡು ನಿಂತಿದ್ದ. ಮೇಡಂ ಟೀ ಲೋಟ ಕೆಳಗಿಟ್ಟರು. ಅವರು ಲೋಟ ಕೆಳಗಿಟ್ಟದ್ದನ್ನು ಅಳುವಕ್ಕ ಅದೇ ಮೊದಲು ನೋಡಿದ್ದು.

"ಕಲಾವಿದರಲ್ಲ. ನಮ್ಮ ಚಿಕ್ಕ ಅಳಿಯಂದಿರು" ಎಂದಳು ಅಳುವಕ್ಕ. ಸಿಟ್ಟೂ ಬಂತು. "ನಮ್ಮಮ್ಮನಿಗೆ ಮಂಡಿ ನೋವಂದ್ರೆ ರಾತ್ರೋರಾತ್ರಿ ಎಣ್ಣೆ ತಂದ್ಕೊಡೋ ಮನುಷ್ಯ! ನಿಮ್ಮ ಡಬ್ಬಾ ಯಂತ್ರ ಈ ಎಂಜಿನಿಯರ್ ಅಮ್ಮನಿಗೂ ಕೆಂಪು ತೋರಿಸಿತ್ತಲ್ಲ!"

"ತೋರಿಸಿತ್ತು," ಎಂದರು ಮೇಡಂ. "ಅದನ್ನ ನಂಬಿ ಯಾರ ಮನೆ ಬಾಗಿಲೂ ಬಡಿಯೋಕಾಗಲ್ಲ. ಮೊದಲು ಈ ರೆಕಾರ್ಡಿಂಗ್ ಅಳಿಸಿಹಾಕಪ್ಪಾ, ಇದು ನಾಟಕ ಅಲ್ಲ." ಎಂಜಿನಿಯರ್ ಪೆಚ್ಚಾಗಿ ಅಳಿಸಿದ. ಮೇಡಂ ಅಳುವಕ್ಕನ ಕಡೆ ತಿರುಗಿದರು. "ಯಂತ್ರ ಬಿಡಿ. ನಿಮ್ಮ ತಂಗೀನ ಕೇಳಿದೀರಾ? ಒಬ್ಬಳೇ ಇದ್ದಾಗ?"

ಅಳುವಕ್ಕ ಲೆಕ್ಕ ಹಾಕಿದಳು. ಒಬ್ಬಳೇ ಇದ್ದಾಗ. ಯಾವಾಗ? ಮದುವೆಯಾದಂದಿನಿಂದ ತಂಗಿ ಒಬ್ಬಳೇ ಸಿಕ್ಕಿದ್ದು ನೆನಪಾಗಲಿಲ್ಲ. ಅಮ್ಮನ ಮನೆಯಲ್ಲಿ ತಂಗಿ ಬಚ್ಚಲಿಗೆ ಹೋದರೂ ಚಿಕ್ಕ ಅಳಿಯ ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅದನ್ನು ನೋಡಿ ಅಮ್ಮ ಕಣ್ಣು ತುಂಬಿಕೊಂಡಿದ್ದರು. ಇವಳು ತನ್ನ ಗಂಡನನ್ನು ತಿವಿದು, "ನೋಡಿ ಕಲೀರಿ" ಎಂದಿದ್ದಳು. ಈಗ ಅದು ನೆನಪಾಗಿ ಕೈಯಲ್ಲಿದ್ದ ಬಿಸ್ಕತ್ತನ್ನು ಮೇಜಿನ ಮೇಲಿಟ್ಟಳು.

"ಅವನಿಗೆ ಹೊಗಳಿಕೆ ಇಷ್ಟಾನಾ?" ಎಂದು ಮೂಲೆಯಿಂದ ಗುಡುಗಣ್ಣ ಕೇಳಿದ.

"ಕನ್ನಡಿ ಸಿಕ್ಕಿದ್ರೆ ಬಿಡಲ್ಲ."

"ಹಾಗಾದ್ರೆ ಧ್ವನಿಪರೀಕ್ಷೆಗೆ ಕರೆಯೋಣ. ಈ ಗಾಜಿನ ಕೋಣೆ ಬಾಗಿಲು ಹಾಕಿದ್ರೆ ಒಳಗಿದ್ದೋರಿಗೆ ಹೊರಗಿನ ಮಾತು ಒಂದಕ್ಷರ ಕೇಳಲ್ಲ."

ಮೇಡಂ ಬೆರಳೆತ್ತಿ ಹೇಳಿದರು: "ಅವನಿಗೆ ಸುಳಿವು ಸಿಗಬಾರದು. ಮತ್ತೆ, ತೀರ್ಮಾನ ಅವಳದು. ವಾಪಸ್ ಹೋಗ್ತೀನಿ ಅಂದ್ರೆ ನಗ್ತಾ ಕಳಿಸಿಕೊಡ್ತೀವಿ. ಯಾರೂ ಕೈ ಹಿಡಿದು ಎಳೆಯೋ ಹಾಗಿಲ್ಲ."

ಎಂಜಿನಿಯರ್ ಉಗುಳು ನುಂಗಿದ. "ನನಗೆ ಸುಳ್ಳು ಹೇಳೋಕೆ ಬರಲ್ಲ ಮೇಡಂ."

"ಅವರ ದನಿ ಅದ್ಭುತ ಅಂದ್ಯಲ್ಲ, ಅದು ಸುಳ್ಳಾ?"

"ಇಲ್ಲ."

"ಹಾಗಾದ್ರೆ ಅಷ್ಟೇ ಹೇಳು."

ಚಿಕ್ಕ ಅಳಿಯ ಬಂದ. ಇಸ್ತ್ರಿ ಮಾಡಿದ ಅಂಗಿ, ಗಂಟಲಿಗೆ ಮಫ್ಲರ್, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಬಂದವನೇ ಗೋಡೆಯ ಮೇಲಿದ್ದ ಕಲಾವಿದರ ಫೋಟೋಗಳ ನಡುವೆ ಖಾಲಿ ಜಾಗ ಎಲ್ಲಿದೆ ಎಂದು ನೋಡಿದ. ಹಿಂದೆ ತಂಗಿ. ಅಳುವಕ್ಕ ಎಂದಿನಂತೆ ಅಪ್ಪಿಕೊಂಡಳು. ತಂಗಿ ತೀರ ಹಗುರವಾಗಿದ್ದಳು.

"ಹಾಸಿಗೆ ಕಂಪನಿ ಜಾಹೀರಾತು ಸಾರ್," ಎಂದ ಗುಡುಗಣ್ಣ. "ಒಂದೇ ವಾಕ್ಯ. 'ಬಾ, ನಿಶ್ಚಿಂತೆಯಿಂದ ಮಲಗು.' ಇದಕ್ಕೆ ನಿಮ್ಮಂಥ ದನಿ ಸಿಗದೆ ಒದ್ದಾಡ್ತಿದ್ವಿ."

"ಸಿಗಲ್ಲ," ಎಂದು ಚಿಕ್ಕ ಅಳಿಯ ವಿನಯದಿಂದಲೇ ಒಪ್ಪಿಕೊಂಡ. "ಅವಳೂ ಒಳಗೆ ಬರಲಿ. ನನ್ನ ಜೊತೆ ಇರ್ತಾಳೆ."

ಗುಡುಗಣ್ಣ ಅಳುಕಲಿಲ್ಲ. "ಮೈಕ್ ಭಾರಿ ಸೂಕ್ಷ್ಮ ಸಾರ್. ಇನ್ನೊಬ್ಬರ ಉಸಿರು ಬಿದ್ರೆ ನಿಮ್ಮ ಉಸಿರಿನ ಅಂದ ಕೆಡುತ್ತೆ."

ಉಸಿರಿಗೂ ಅಂದವಿದೆ ಎಂಬ ಮಾತಿಗೆ ಚಿಕ್ಕ ಅಳಿಯ ಉಬ್ಬಿಹೋದ. ಆದರೂ ಹೆಂಡತಿಯ ಕುರ್ಚಿಯನ್ನು ಗಾಜಿನ ಎದುರಿಗೇ ಎಳೆಸಿ, "ಇಲ್ಲೇ ಕೂತಿರು ಚಿನ್ನ, ನನಗೆ ಕಾಣೋ ಹಾಗೆ" ಎಂದು ಒಳಗೆ ಹೋದ. ದಪ್ಪ ಬಾಗಿಲು ಮುಚ್ಚಿತು.

ಅಳುವಕ್ಕ ತಂಗಿಯ ಕೈಗೆ ಟೀ ಕೊಟ್ಟಳು. ಬಾಯಿ ತುಂಬ ನಗುತ್ತ, ಒಳಗಿದ್ದವನಿಗೆ ಕೈಬೀಸುತ್ತ ಹೇಳಿದಳು: "ಅವನಿಗೆ ಕೇಳಲ್ಲ. ನೀನೂ ನಗು. ಲೋಟ ಬಾಯಿಗೆ ಅಡ್ಡ ಹಿಡ್ಕೊ. ಇವರು ಸಹಾಯವಾಣಿಯ ಮೇಡಂ. ನಿನ್ನನ್ನ ಏನಾದ್ರೂ ಮಾಡ್ತಾನಾ ಅವನು?"

ಪರದೆಯ ಮೇಲಿನ ತುಟಿಗೆ ಮಾತು ಕೂಡಿಸುವುದೇ ಅವಳ ಕಸುಬು. ನಗುವ ತುಟಿಗೆ ಇಂಥ ಮಾತು ಕೂಡಿಸಿದ್ದು ಅದೇ ಮೊದಲು. ತಂಗಿ ಲೋಟ ಬಾಯಿಗೆ ಅಡ್ಡ ಹಿಡಿದಳು. ನಗು ಕೂಡ ಬಂತು, ಸ್ವಲ್ಪ ವಕ್ರವಾಗಿ.

"ಈಗ ಕೇಳ್ತಿದೀಯಲ್ಲೇ ಅಕ್ಕ. ಇಷ್ಟು ದಿನ ಫೋನ್ ಮಾಡಿದ್ರೆ, ಅವರು ಚೆನ್ನಾಗಿದಾರಾ ಅಂತಿದ್ದೆ. ಅವರಿಗೇನಾಗಿದೆ, ಚೆನ್ನಾಗೇ ಇದಾರೆ."

ಒಳಗಿನವನು ಮೈಕಿಗೆ ಬಾಗಿ ಮಾದಕವಾಗಿ ಏನೋ ಹೇಳಿ, ಹೇಗಿತ್ತು ಎಂದು ಹುಬ್ಬೇರಿಸಿದ. ಮೂವರು ಹೆಂಗಸರೂ ಹೆಬ್ಬೆರಳೆತ್ತಿದರು.

"ನಾನು ಸ್ನಾನಕ್ಕೆ ಹೋದ್ರೆ ಗಡಿಯಾರ ನೋಡ್ತಾನೆ. ಅಂಗಡಿಗೆ ಒಬ್ಬಳೇ ಹೋಗಂಗಿಲ್ಲ. ಹೊಡೆಯಲ್ಲ ಅಕ್ಕ. ಒಂದೇ ಒಂದು ಸಲ..." ತಂಗಿ ಇನ್ನೂ ನಗುತ್ತಲೇ ಇದ್ದಳು. "ಕತ್ತು ಹಿಡ್ಕೊಂಡ. ಹಿಡ್ಕೊಂಡೇ ಮೆಲ್ಲಗೆ ಮಾತಾಡ್ತಿದ್ದ. ಉಸಿರು ನಿಂತೋಯ್ತು."

ಮೇಡಂ ಅವರ ಹೆಬ್ಬೆರಳು ಮೇಲೆದ್ದದ್ದು ಅಲ್ಲೇ ನಿಂತಿತು. ನಗು ಮಾತ್ರ ಕದಲಲಿಲ್ಲ. ಎಷ್ಟು ವರ್ಷದ ಅಭ್ಯಾಸವೋ ಏನೋ. "ಒಂದು ಸಲ ಕತ್ತು ಹಿಡಿದವನ ಮನೇಲಿ ಇರೋದು ತುಂಬ ಅಪಾಯ ಮಗಳೇ. ಇದನ್ನ ಹೇಳೋಕೆ ನನಗೆ ಯಾವ ಯಂತ್ರನೂ ಬೇಡ. ಇವತ್ತು ಬೇರೆ ಕಡೆ ಇರೋ ಮನಸ್ಸಿದ್ರೆ ಜಾಗ ಇದೆ. ಇಲ್ಲ ಅಂದ್ರೆ ಇಲ್ಲ. ನೀನೇ ಹೇಳು."

ತಂಗಿ ಗಾಜಿನ ಕಡೆ ನೋಡಿದಳು. ಗಂಡ ಮಫ್ಲರ್ ಸರಿ ಮಾಡಿಕೊಳ್ಳುತ್ತಿದ್ದ. ಅವಳು ಟೀ ಒಂದೇ ಗುಟುಕಿಗೆ ಮುಗಿಸಿದಳು.

"ಹೋಗೋಣ. ಆದ್ರೆ ಹೆಂಗೆ? ನೋಡ್ತಾನೇ ಇದಾನೆ."

ಅಳುವಕ್ಕ ಗುಡುಗಣ್ಣನಿಗೆ ಕಣ್ಣು ಮಾಡಿದಳು. ಗುಡುಗಣ್ಣ ಒಳಗಿನ ಸ್ಪೀಕರ್ ಗುಂಡಿ ಒತ್ತಿ ನಿಟ್ಟುಸಿರು ಬಿಟ್ಟ. "ಸಾರ್, ದನಿ ಬಂಗಾರ. ಭಾವ ಮಾತ್ರ ಕಣ್ಣಲ್ಲೇ ಸೋರಿಹೋಗ್ತಿದೆ. ದೊಡ್ಡ ಕಲಾವಿದರೆಲ್ಲ ಕಣ್ಣು ಮುಚ್ಚಿಯೇ ಹೇಳೋದು. ನಾನು ಸಾಕು ಅನ್ನೋವರೆಗೂ ತೆರೀಬೇಡಿ."

ಚಿಕ್ಕ ಅಳಿಯ ಕಣ್ಣು ಮುಚ್ಚಿದ. "ಬಾ, ನಿಶ್ಚಿಂತೆಯಿಂದ ಮಲಗು." ತಂಗಿ ಎದ್ದಳು. "ಬಾ, ನಿಶ್ಚಿಂತೆಯಿಂದ ಮಲಗು." ಮೇಡಂ ಅವಳ ಹಿಂದೆ ಮೆಟ್ಟಿಲು ಹತ್ತಿದರು. ಬೀದಿಯಲ್ಲಿ ಅಳುವಕ್ಕನ ಗಂಡ ಗೆಳೆಯನ ವ್ಯಾನ್ ತಂದು ನಿಲ್ಲಿಸಿದ್ದ. ಸದ್ದು ಮಾಡಕೂಡದೆಂದು ಅವನಿಗೆ ಸಾರಿ ಸಾರಿ ಹೇಳಿದ್ದರು. "ಬಾಮ್ಮ, ಹತ್ತು, ಯಾರಿಗೂ ಗೊತ್ತಾಗಲ್ಲ" ಎಂದು ಅವನು ಪಿಸುಗುಟ್ಟಿದ್ದು ನೆಲಮಾಳಿಗೆಯವರೆಗೂ ಕೇಳಿಸಿತು. ಮೇಲಿನ ಅಂಗಡಿಯಲ್ಲಿ ಸೋಫಾ ನೋಡುತ್ತಿದ್ದವರಿಗೂ ಕೇಳಿಸಿತು. ಗಾಜಿನ ಕೋಣೆಯವನಿಗೊಬ್ಬನಿಗೆ ಕೇಳಿಸಲಿಲ್ಲ.

ವ್ಯಾನು ಹೊರಟ ಸದ್ದು ದೂರವಾದ ಮೇಲೂ ಗುಡುಗಣ್ಣ ಟೇಕ್ ಮೇಲೆ ಟೇಕ್ ಹೇಳಿಸಿದ. ಕಡೆಗೆ ಚಿಕ್ಕ ಅಳಿಯ ತಾನೇ ಕಣ್ಣು ತೆರೆದ. ಖಾಲಿ ಕುರ್ಚಿ ನೋಡಿದ. ಬಾಗಿಲು ತಳ್ಳಿಕೊಂಡು ಹೊರಬಂದ.

"ಅಕ್ಕಾ, ಎಲ್ಲಿ ಅವಳು?" ಮೆತ್ತನೆಯ ದನಿ. ಒಂದೊಂದೇ ಹೆಜ್ಜೆ ಹತ್ತಿರ ಬಂತು. "ನಾನು ಕೇಳ್ತಾ ಇದೀನಿ. ಎಲ್ಲಿ ಅವಳು?"

ತಂಗಿಯ ಕಿವಿಗೆ ಪ್ರತಿದಿನ ಬೀಳುತ್ತಿದ್ದದ್ದು ಇದೇ ದನಿ ಎಂದು ಅಳುವಕ್ಕನಿಗೆ ಗೊತ್ತಾಯಿತು. ಎಂಜಿನಿಯರ್ ಕುರ್ಚಿಯ ಹಿಂದೆ ಸರಿದ. ಗುಡುಗಣ್ಣ ಇಬ್ಬರ ನಡುವೆ ಬಂದು ನಿಂತ. ಬೆಕ್ಕು ಕಂಡಾಗಿನಂತೆಯೇ ಅವನ ಕಣ್ಣು ಕುರ್ಚಿ ಹುಡುಕುತ್ತಿತ್ತು. ಏನೋ ಹೇಳಲು ಬಾಯಿ ತೆರೆದ. ಭಯಕ್ಕೆ ಮಾತು ಹೊರಡಲಿಲ್ಲ. ಅಷ್ಟು ವರ್ಷದ ರೂಢಿಗೆ ನಗೆ ಹೊರಟಿತು.

ಅದು ಹೊಟ್ಟೆಯ ಬುಡದಿಂದ ಎದ್ದು, ನೆಲಮಾಳಿಗೆಯ ನಾಲ್ಕೂ ಗೋಡೆಗೆ ಬಡಿದು, ಮೇಲಿನ ಮೇಜುಗಳನ್ನೆಲ್ಲ ಅಲುಗಿಸಿತು. ಒಮ್ಮೆ ಹೊರಟದ್ದು ನಿಲ್ಲಿಸಲು ಅವನಿಗೇ ಆಗಲಿಲ್ಲ. "ಈ ಕೋಟೆಯೊಳಗೆ ಬಂದವರುಂಟು! ಹೋದವರಿಲ್ಲ!" ಎಂದು ಯಾವುದೋ ಕಾಲದ ಸಂಭಾಷಣೆಯೂ ತಾನಾಗಿಯೇ ಬಂತು. ಕಣ್ಣಾಲಿಗಳು ಹೊರಳಿದವು. ಚಿಕ್ಕ ಅಳಿಯ ಜೀವಮಾನದಲ್ಲಿ ತನ್ನ ಮೇಲೆ ಯಾರಾದರೂ ದನಿ ಎತ್ತಿದ್ದು ಕೇಳಿದವನಲ್ಲ. ಹಿಂದೆ ಹಿಂದೆ ಸರಿದ, ಫ್ಲಾಸ್ಕು ಎಡವಿದ, ಮಫ್ಲರ್ ಬಾಗಿಲ ಹಿಡಿಗೆ ಸಿಕ್ಕಿದ್ದನ್ನೂ ಬಿಟ್ಟು ಮೆಟ್ಟಿಲು ಹತ್ತಿ ಓಡಿದ.

ಗುಡುಗಣ್ಣ ನೆಲಕ್ಕೆ ಕುಸಿದು, "ಹೋದ್ನಾ?" ಎಂದು ಸಣ್ಣ ದನಿಯಲ್ಲಿ ಕೇಳಿದ. ಅಳುವಕ್ಕ ಉತ್ತರ ಕೊಡಲು ಹೋಗಿ ಅಳಲಾರಂಭಿಸಿದಳು. ಅದು ಧಾರಾವಾಹಿಯ ಅಳುವಿನಂತೆ ಇರಲಿಲ್ಲ. ಮೂಗು ಸೋರಿತು, ಬಿಕ್ಕಳಿಕೆ ಬಂತು, ನಡುನಡುವೆ ಗೂಬೆ ಕೂಗಿದಂಥ ಒಂದು ಸದ್ದು. ಎಂಜಿನಿಯರ್ ಗಾಬರಿಯಾಗಿ ಮೈಕುಗಳನ್ನೆಲ್ಲ ಆರಿಸಿ ಬಂದ.

ಆಮೇಲಿನದೆಲ್ಲ ನಿಧಾನವಾಗಿ ನಡೆಯಿತು. ಮೇಡಂ ವಕೀಲರನ್ನು ಗೊತ್ತುಮಾಡಿದರು. ಚಿಕ್ಕ ಅಳಿಯ ಹತ್ತಿರ ಸುಳಿಯಕೂಡದೆಂದು ಕೋರ್ಟಿನ ಆದೇಶವೂ ಬಂತು. ಅಮ್ಮನನ್ನು ಒಪ್ಪಿಸುವುದು ಮಾತ್ರ ಕೋರ್ಟನ್ನು ಒಪ್ಪಿಸುವುದಕ್ಕಿಂತ ಕಷ್ಟವಾಯಿತು. "ಅಷ್ಟು ಮೆಲ್ಲಗೆ ಮಾತಾಡೋ ಹುಡುಗ!" ಎಂದು ಅವರು ಹಲುಬುತ್ತಲೇ ಇದ್ದರು. ಒಂದು ದಿನ ಅವನೇ ಅಮ್ಮನಿಗೆ ಫೋನ್ ಮಾಡಿ, "ನೀವೊಬ್ಬರೇ ಇದೀರಾ ಅತ್ತೆ? ಸತ್ಯ ಹೇಳಿ. ಒಬ್ಬರೇ ಅಲ್ವಾ?" ಎಂದು ಮೆಲ್ಲಗೆ, ಅದನ್ನೇ ಮತ್ತೆ ಮತ್ತೆ ಕೇಳಿದ. ಅಮ್ಮ ಫೋನಿಟ್ಟವರೇ ಒಳಗಿನಿಂದ ಚಿಲಕ ಹಾಕಿ ದೊಡ್ಡ ಮಗಳಿಗೆ ಫೋನ್ ಮಾಡಿದರು. ಅವನ ಆ ಕರೆಯ ವಿವರವೂ ವಕೀಲರ ಕೈಗೆ ಹೋಯಿತು. ಅವತ್ತಿನಿಂದ ಚಿಕ್ಕ ಅಳಿಯಂದಿರ ಪ್ರಸ್ತಾಪ ಆ ಮನೆಯಲ್ಲಿ ನಿಂತಿತು.

ಯಂತ್ರವನ್ನು ಸಹಾಯವಾಣಿಯಲ್ಲಿ ಕೂರಿಸಿದರು. ಆದರೆ ಮೇಡಂ ಅದಕ್ಕೆ ತೀರ್ಪು ಕೊಡುವ ಕೆಲಸ ಕೊಡಲಿಲ್ಲ. ಕೆಂಪು ಬಂದರೆ ಫೋನೆತ್ತಿದವರು ಇನ್ನೊಂದಿಷ್ಟು ಹೊತ್ತು ಮಾತಾಡಬೇಕು, ಹಸಿರು ಬಂದರೂ ಕೇಳಬೇಕಾದ್ದನ್ನು ಕೇಳಿಯೇ ಫೋನಿಡಬೇಕು, ಅಷ್ಟೇ. ಎಂಜಿನಿಯರನಿಗೆ ಮುಖ ಸಣ್ಣದಾಯಿತು.

ಚಳಿ ಕಳೆದ ಮೇಲೆ ಒಂದು ಬೆಳಿಗ್ಗೆ ತಂಗಿ ಚಪ್ಪಲಿ ಕೊಳ್ಳಬೇಕೆಂದಳು. ಅಳುವಕ್ಕ ಜೊತೆಗೆ ಹೋದಳು. ತಂಗಿ ಕಪ್ಪು ಜೋಡಿ ಹಾಕಿ ನೋಡಿದಳು, ಕಂದು ಜೋಡಿ ಹಾಕಿ ನೋಡಿದಳು, ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ಕಂದು ಹಾಕಿ ಅಂಗಡಿಯುದ್ದಕ್ಕೂ ಓಡಾಡಿದಳು. ಮತ್ತೆ ಮೊದಲಿನಿಂದ ಶುರುಮಾಡಿದಳು. ಅಂಗಡಿಯವನು ಆಕಳಿಸಿದ. ಅಳುವಕ್ಕನಿಗೂ ಕಾಲು ಸೋತಿತು.

"ಎಷ್ಟು ಹೊತ್ತೇ ಮಾರಾಯ್ತಿ? ಯಾವುದೋ ಒಂದು ತಗೊ."

ತಂಗಿ ತಲೆ ಎತ್ತಲೂ ಇಲ್ಲ. "ಇರೇ ಅಕ್ಕ," ಎಂದಳು, ನೀಲಿ ಜೋಡಿಯೊಂದರ ಪಟ್ಟಿ ಬಿಚ್ಚುತ್ತ. "ಅವಸರ ಇದ್ರೆ ನೀನು ಹೋಗಿರು. ನಾನು ಆಮೇಲೆ ಬರ್ತೀನಿ."

ಅಳುವಕ್ಕ ಹೊರಗೆ ಬಂದು ಮೆಟ್ಟಿಲ ಮೇಲೆ ಬಿಸಿಲಿಗೆ ಕೂತು, ಬೀದಿ ನೋಡುತ್ತ ಕಾದಳು.